ಪಟ್ಟಿಯಲ್ಲಿ ಇಲ್ಲದ ಗಿಯರು

ನನ್ನ ಕುರ್ಚಿಯಲ್ಲಿ ಈಗ ಕೂರುವ ಹುಡುಗಿಯ ಹೆಸರು ರೇಣುಕಾ. ಡಿಪ್ಲೊಮಾ ಮುಗಿಸಿ ಹುಮನಾಬಾದಿನ ನಮ್ಮ ವರ್ಕ್‌ಶಾಪಿಗೆ ಸೇರಿ ಆರು ತಿಂಗಳಾಗಿದೆ. ನಾನು ನಿವೃತ್ತಳಾಗಿ ಬಸವಕಲ್ಯಾಣದ ಮನೆಯಲ್ಲಿ ಕಾಲು ಚಾಚಿ ಕೂತು ಎಂಟು ತಿಂಗಳು. ಹೋದ ವಾರ ಅವಳು ಫೋನ್ ಮಾಡಿದಳು. "ಮೇಡಂ, ಹಲ್ಲು ಎಷ್ಟು, ಮಾಡ್ಯೂಲ್ ಎಷ್ಟು ಅಂತ ಹಾಕಿದ್ರ ಕಂಪ್ಯೂಟರ್ ತಾನ ಗಿಯರ್ ಬಿಡಸ್ತದ. ಇಷ್ಟಕ್ಕ ನೀವು ಮೂವತ್ತು ವರ್ಷ ಏನ್ ಮಾಡಾಕತ್ತಿದ್ರಿ?" ಎಂದು ಕೇಳಿದಳು. ಕೊಬ್ಬಿನಿಂದ ಕೇಳಿದ್ದಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು. ಆದರೂ ನನಗೆ ಉರಿಯಿತು. ಫೋನಿನಲ್ಲಿ ಬೈದರೆ ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಅವಳು ಕೇಳಿದ್ದರಲ್ಲೇ ಉತ್ತರವೂ ಇದೆ. ಮಾಡ್ಯೂಲ್, ಅಂದರೆ ಹಲ್ಲಿನ ಅಳತೆ, ಎಷ್ಟು ಎಂದು ಹಾಕಿದರೆ ಕಂಪ್ಯೂಟರ್ ಬಿಡಿಸುತ್ತದೆ, ನಿಜ. ಎಷ್ಟು ಎಂದು ಹಾಕಬೇಕು ಅನ್ನುವುದನ್ನು ಮಾತ್ರ ಅದು ಹೇಳುವುದಿಲ್ಲ. ಅಷ್ಟನ್ನು ತಿಳಿಯದೆ ನಾನು ಒಂದು ಬೇಸಿಗೆ ಮುಡಬಿಯ ಈರಮ್ಮ ಎಂಬಾಕೆಯ ವರ್ಷದ ದುಡಿಮೆಯನ್ನೇ ಮಣ್ಣುಪಾಲು ಮಾಡಲು ಹೊರಟಿದ್ದೆ. ಅದನ್ನು ಹೇಳುತ್ತೇನೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಬಂದದ್ದು ಎರಡೇ. ಮೊದಲನೆಯದರಲ್ಲಿ ಫ್ಯಾನು ಸಿಕ್ಕಿತು, ಎರಡನೆಯದರಲ್ಲಿ ತಿರುಗುವ ಕುರ್ಚಿ.

ನಮ್ಮದು ದೊಡ್ಡ ಕಾರ್ಖಾನೆಯಲ್ಲ. ಆರು ಯಂತ್ರ, ಹದಿನಾಲ್ಕು ಜನ, ಒಬ್ಬ ಮಾಲೀಕರು. ಸುತ್ತಿನ ಹಳ್ಳಿಗಳ ಹಿಟ್ಟಿನ ಗಿರಣಿ, ಬೇಳೆ ಗಿರಣಿ, ಎಣ್ಣೆ ಗಾಣಗಳ ಸವೆದ ಗಿಯರುಗಳು ನಮ್ಮಲ್ಲಿಗೆ ಬರುತ್ತಿದ್ದವು. ಅಳತೆ ತೆಗೆದು, ನಕ್ಷೆ ಮಾಡಿ, ಹೊಸದು ಕಡಿದು ಕೊಡುವುದು ಕೆಲಸ. ನಕ್ಷೆ ನನ್ನದು. ಹಲ್ಲು ಕಡಿಯುವ ಯಂತ್ರ ಮಕಬೂಲ್ ಉಸ್ತಾದರದು. ನಾನು ಬೆಳಗ್ಗೆ ಎಂಟರ ಬಸ್ಸಿಗೆ ಬಸವಕಲ್ಯಾಣ ಬಿಟ್ಟು ಸಂಜೆ ಏಳಕ್ಕೆ ಮನೆ ಸೇರುತ್ತಿದ್ದೆ. ಇಡೀ ವರ್ಕ್‌ಶಾಪಿಗೆ ನಾನೊಬ್ಬಳೇ ಹೆಂಗಸು, ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದರು, ಅಮ್ಮಾವ್ರು ಅಂದ ಹಾಗೆ. ಹೊಸದಾಗಿ ಬಂದಾಗ ಎಲ್ಲರೂ ನನ್ನೆದುರು ಬೈಗುಳ ನುಂಗಿಕೊಂಡು ಕೆಲಸ ಮಾಡುತ್ತಿದ್ದರು. ಎರಡು ತಿಂಗಳಲ್ಲಿ ನಾನೇ ಬೈಯಲು ಶುರು ಮಾಡಿದೆ, ಅವರಿಗೂ ಹಾಯೆನಿಸಿತು.

ಉಸ್ತಾದರು ನನಗೆ ಮೊದಲು ಕಲಿಸಿದ್ದು ಎಣಿಸುವುದನ್ನು. ನಗಬೇಡ ರೇಣುಕಾ. ಚಿಟಗುಪ್ಪದ ಎಣ್ಣೆ ಗಿರಣಿಯವರು ಒಂದು ಗಿಯರನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರು. ಆಗೆಲ್ಲ ಹಾಗೇ ಬರುತ್ತಿದ್ದವು, ಜೊತೆಗೆ ಒಂದು ಚೀಟಿ. ನಾನು ಹಲ್ಲು ಎಣಿಸಿದೆ, ಐವತ್ಮೂರು. ನಕ್ಷೆ ಆಯಿತು, ಗಿಯರು ಆಯಿತು, ಅದೇ ಬಸ್ಸಿನಲ್ಲಿ ಹೋಯಿತು. ಮರುದಿನ ಕಂಡಕ್ಟರ್ ಬಾಗಿಲಲ್ಲಿ ನಿಂತು, "ಬಾಯಾರ, ನಿಮ್ಮ ಗಿಯರ್ ತಿರುಗಿ ಬಂದದ್ರಿ. ಬರೂದಕ್ಕ ಟಿಕೀಟ್ ತಗೊಂಡಿಲ್ಲ" ಎಂದು ನಗುತ್ತಾ ಚೀಲ ಇಳಿಸಿದ. ಇದ್ದದ್ದು ಐವತ್ತೆರಡು ಹಲ್ಲು. ಎಲ್ಲಿಂದ ಶುರು ಮಾಡಿದ್ದೆನೋ ಅದೇ ಹಲ್ಲನ್ನು ಕೊನೆಗೆ ಮತ್ತೊಮ್ಮೆ ಎಣಿಸಿದ್ದೆ.

ಉಸ್ತಾದರು ಬೈಯಲಿಲ್ಲ. ಸೀಮೆಸುಣ್ಣದ ತುಂಡೊಂದನ್ನು ನನ್ನ ಮೇಜಿನ ಮೇಲಿಟ್ಟು, "ಬಾಯಿ, ಮೊದಲ ಹಲ್ಲಿಗಿ ಬೊಟ್ಟು ಹಚ್ಚರಿ. ಆಮ್ಯಾಲ ಎಣಿಸ್ರಿ. ನೀವು ಎಣಿಸಿದ ಮ್ಯಾಲ ಇನ್ನೊಬ್ಬರ ಕಡಿಂದ ಎಣಿಸರಿ. ಎಷ್ಟು ಬಂತು ಅಂತ ಅವರಿಗಿ ಮೊದಲ ಹೇಳಬ್ಯಾಡ್ರಿ" ಅಂದರು. ಅವತ್ತಿನಿಂದ ನಿವೃತ್ತಿಯ ದಿನದವರೆಗೆ ಒಂದು ಹಲ್ಲೂ ತಪ್ಪಲಿಲ್ಲ. ಹಲ್ಲು ತಪ್ಪಲಿಲ್ಲ ಅಂದೆ, ಬೇರೆ ತಪ್ಪು ಮಾಡಲಿಲ್ಲ ಅನ್ನಲಿಲ್ಲ.

ಡ್ರಾಯಿಂಗ್ ಬೋರ್ಡಿನ ಕಾಲದಲ್ಲಿ ಗಿಯರಿನ ನಕ್ಷೆ ಎಂದರೆ ಮೂರು ವೃತ್ತ, ಅಳತೆಗಳ ಒಂದು ಪಟ್ಟಿ. ಹಲ್ಲುಗಳನ್ನು ಯಾರೂ ಬಿಡಿಸುತ್ತಿರಲಿಲ್ಲ, ಕಡಿಯುವ ಕಟರೇ ಹಲ್ಲಿನ ಆಕಾರ ಕೊಡುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಒಂದೊಂದು ಹಲ್ಲೂ ಕಣ್ಣಿಗೆ ಕಾಣತೊಡಗಿತು. ನಮ್ಮ ಮಾಲೀಕರು, ನಾವೆಲ್ಲ ಸೇಠರು ಅನ್ನುತ್ತಿದ್ದೆವು, ಅದನ್ನು ನೋಡಿ ಹಿಗ್ಗಿಹೋದರು. ಬಂದ ಗಿರಾಕಿಗಳನ್ನೆಲ್ಲ ಕರೆತಂದು ಪರದೆ ತೋರಿಸುವುದೇ ಕೆಲಸವಾಯಿತು. ನನಗೂ ತಲೆ ತಿರುಗಿತ್ತು. ಐವತ್ತರ ಹತ್ತಿರದ ಹೆಂಗಸು, ಮೌಸ್ ಹಿಡಿದು ಗಿಯರನ್ನು ಗಿರ್ರನೆ ತಿರುಗಿಸುವುದೆಂದರೆ ಸಣ್ಣ ಮಾತೇ?

ಆ ದಿನಗಳಲ್ಲಿ ಇನ್ನೊಂದು ಫಜೀತಿಯಾಯಿತು. ಗಿಯರನ್ನು ಇದ್ದ ಅಳತೆಗೇ ಕಾಗದದ ಮೇಲೆ ಪ್ರಿಂಟ್ ತೆಗೆದು ಉಸ್ತಾದರಿಗೆ ಕೊಟ್ಟೆ, ಕಡಿದ ಮೇಲೆ ಇದರ ಮೇಲಿಟ್ಟು ಸರಿ ನೋಡಿಕೊಳ್ಳಿ ಎಂದು. ಇಟ್ಟು ನೋಡಿದರೆ ಅವರ ಗಿಯರು ಕಾಗದದ ಗಿಯರಿಗಿಂತ ದೊಡ್ಡದು. ನಾನು ರಂಪ ಮಾಡಿದೆ. ಎರಡು ತಾಸು ಯಂತ್ರ ನಿಲ್ಲಿಸಿ ಲೆಕ್ಕ ಹಾಕಿದೆವು, ಸೇಠರು ಬಂದು ಕೂಗಾಡಿದರು. ಕೊನೆಗೆ ಉಸ್ತಾದರು ಉಕ್ಕಿನ ಸ್ಕೇಲನ್ನು ಕಾಗದದ ಮೇಲಿನ ಅಳತೆ ಗೆರೆಗೇ ಹಿಡಿದರು. ನೂರು ಎಂದು ಬರೆದಿದ್ದ ಗೆರೆ ತೊಂಬತ್ತಾರೇ ಇತ್ತು. ಹಾಳೆಗೆ ಹೊಂದಿಸಿ ಪ್ರಿಂಟ್ ಮಾಡು ಎಂಬ ಗುರುತನ್ನು ನಾನೇ ಒತ್ತಿದ್ದೆ, ಅದು ವಿಧೇಯತೆಯಿಂದ ಎಲ್ಲವನ್ನೂ ಕುಗ್ಗಿಸಿ ಹೊಂದಿಸಿತ್ತು. ಅಂದಿನಿಂದ ಯಾವ ಪ್ರಿಂಟನ್ನೂ ಮೊದಲು ಸ್ಕೇಲ್ ಹಿಡಿಯದೆ ನಾನು ನಂಬಿದ್ದಿಲ್ಲ. ಇಷ್ಟು ಪೆಟ್ಟು ತಿಂದ ಮೇಲಾದರೂ ಬುದ್ಧಿ ಬರಬೇಕಿತ್ತು, ಬರಲಿಲ್ಲ. ಅದಕ್ಕೇ ಈರಮ್ಮನ ಕಥೆ.

ಹೋಳಿ ಹುಣ್ಣಿಮೆ ಕಳೆದು ನಾಲ್ಕೈದು ದಿನವಾಗಿರಬೇಕು. ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಒಳಗೆ ಬಂದು, ಸೆರಗಿನ ಗಂಟು ಬಿಚ್ಚಿ, ಎರಡು ಹಲ್ಲು ಉದುರಿದ ಸಣ್ಣ ಗಿಯರೊಂದನ್ನು ನನ್ನ ಮುಂದಿಟ್ಟಳು. ಅವಳೇ ಈರಮ್ಮ. ಮುಡಬಿಯಲ್ಲಿ ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಶಾವಿಗೆ ಯಂತ್ರ ಇಟ್ಟುಕೊಂಡಿದ್ದಳು. ಹೋಳಿಯಿಂದ ಮೊದಲ ಮಳೆಯವರೆಗೆ, ಎರಡೂವರೆ ತಿಂಗಳು ಅದರ ಸುಗ್ಗಿ. ಲಗ್ನದ ಮನೆಯವರು, ಬಾಣಂತಿಯರಿರುವ ಮನೆಯವರು, ವರ್ಷಕ್ಕೆ ಬೇಕಾದ ಶಾವಿಗೆಯನ್ನೆಲ್ಲ ಆಗಲೇ ಮಾಡಿಸಿ ಒಣಗಿಸಿ ಡಬ್ಬಿ ತುಂಬಿಕೊಳ್ಳುತ್ತಾರೆ. ಉಳಿದ ಒಂಬತ್ತೂವರೆ ತಿಂಗಳು ಈರಮ್ಮನಿಗೆ ಬೇರೆಯವರ ಹೊಲದ ಕೂಲಿ. ಗಂಡ ಇಲ್ಲ. ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದರು.

"ಅಕ್ಕೋರ, ಇದರಂಗ ಒಂದು ಮಾಡಿ ಕೊಡ್ರಿ. ಜಲ್ದಿ ಬೇಕ್ರಿ," ಅಂದಳು. "ಈ ವರ್ಷ ನಮ್ಮೂರಾಗ ಇನ್ನೊಂದು ಹೊಸಾ ಮಷೀನ್ ಬಂದದ. ನಂದು ನಾಕು ದಿನ ನಿಂತ್ರ ಹೆಣ್ಮಕ್ಳು ಬುಟ್ಟಿ ತಗೊಂಡು ಆ ಕಡಿ ಹೋಗ್ತಾರ. ಒಮ್ಮಿ ಹೋದವರು ತಿರುಗಿ ಬರೂದಿಲ್ರಿ."

"ಇದರ ಜೋಡಿ ಎಲ್ಲದ?" ಎಂದು ಕೇಳಿದೆ.

"ದೊಡ್ಡ ಚಕ್ರ ಮಷೀನ್ ಮ್ಯಾಲೇ ಅದರಿ. ಅದಕ್ಕೇನೂ ಆಗಿಲ್ಲ, ಗಟ್ಟಿ ಅದ."

ಬೇರೆ ದಿನವಾಗಿದ್ದರೆ ಜೋಡಿ ತಂದ ಮೇಲೆಯೇ ಬಾ ಅನ್ನುತ್ತಿದ್ದೆ. ಗಿಯರಿಗೆ ಒಂಟಿಯಾಗಿ ಅಳತೆ ಇರುವುದಿಲ್ಲ. ಅದು ಯಾವುದರ ಜೊತೆ ಹಲ್ಲು ಕೂಡಿಸುತ್ತದೋ ಅದನ್ನು ನೋಡದೆ ಅಳೆದರೆ ಅರ್ಧವೇ ಅಳೆದಂತೆ. ಇದು ನನಗೆ ಗೊತ್ತಿದ್ದ ಮಾತು. ಆದರೆ ಅವತ್ತು ಸಕ್ಕರೆ ಕಾರ್ಖಾನೆಯ ದೊಡ್ಡ ಆರ್ಡರ್ ಬಂದಿತ್ತು, ಸೇಠರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಅದಕ್ಕಿಂತ ಹೆಚ್ಚಾಗಿ, ಹೊಸ ಸಾಫ್ಟ್‌ವೇರ್ ಬಂದು ಹದಿನೈದು ದಿನವಾಗಿತ್ತು. ಅದರಲ್ಲಿ ಗಿಯರಿನದೇ ಒಂದು ಪೆಟ್ಟಿಗೆ ಇತ್ತು. ಹಲ್ಲಿನ ಸಂಖ್ಯೆ ಹಾಕಿ, ಪಟ್ಟಿಯಿಂದ ಮಾಡ್ಯೂಲ್ ಆರಿಸಿದರೆ ಗಿಯರು ಸಿದ್ಧ. ನನ್ನ ಕೈ ತುರಿಸುತ್ತಿತ್ತು.

ಮಾಡ್ಯೂಲ್ ಎಂದರೆ ಹಲ್ಲಿನ ದಪ್ಪದ ಅಳತೆ, ಅಷ್ಟೇ. ಹೊರಗಿನ ವ್ಯಾಸ ಅಳೆಯಬೇಕು, ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಬೇಕು, ಅದರಿಂದ ಭಾಗಿಸಬೇಕು. ಹದಿನಾಲ್ಕು ಹಲ್ಲು, ಎರಡು ಕೂಡಿಸಿದರೆ ಹದಿನಾರು. ವರ್ನಿಯರ್ ಹಿಡಿದರೆ ವ್ಯಾಸ ನಲವತ್ತು ಮಿಲಿಮೀಟರಿಗೆ ಕೂದಲೆಳೆಯಷ್ಟು ಹೆಚ್ಚು. ಭಾಗಿಸಿದರೆ ಎರಡೂವರೆ. ಪಟ್ಟಿ ತೆರೆದೆ. ಎರಡು, ಎರಡೂಕಾಲು, ಎರಡೂವರೆ, ಎರಡೂಮುಕ್ಕಾಲು. ಎರಡೂವರೆ ನನ್ನನ್ನೇ ಕಾಯುತ್ತಾ ಕೂತಿತ್ತು. ಒತ್ತಿದೆ.

ಉಸ್ತಾದರು ನಕ್ಷೆ ನೋಡಿ, ಹಳೆಯ ಗಿಯರನ್ನು ಅಂಗೈಯಲ್ಲಿ ತೂಗಿದರು. "ಬಾಯಿ, ಇದು ಹಳೇ ಮಷೀನ್ದು ಕಾಣಸ್ತದ. ಇಂಚಿನ ಹಿಸಾಬಿಂದು ಇರಬಹುದು. ಹತ್ತರ ಕಟರ್ ಒಮ್ಮಿ ಹಚ್ಚಿ ನೋಡ್ಲಿ?"

ಹತ್ತರ ಕಟರ್ ಎಂದರೆ ಒಂದು ಇಂಚು ವ್ಯಾಸಕ್ಕೆ ಹತ್ತು ಹಲ್ಲು ಬರುವ ಹಳೆಯ ಕಾಲದ ಲೆಕ್ಕ. ನಮ್ಮ ಲೆಕ್ಕಕ್ಕೆ ತಂದರೆ ಎರಡು ಪಾಯಿಂಟ್ ಐದು ನಾಲ್ಕು. ಎರಡೂವರೆಗೂ ಅದಕ್ಕೂ ಇರುವ ಅಂತರ ಕಣ್ಣಿಗೆ ಕಾಣುವುದಿಲ್ಲ.

"ಉಸ್ತಾದ್ರ, ಕಂಪ್ಯೂಟರ್ ಎರಡೂವರಿ ಅಂದದ," ಅಂದೆ. "ನಿಮ್ಮ ಕಾಲದ ಇಂಚು ಈಗ ಎಲ್ಲಿ ಉಳದಾವ?"

ಅವರು ನನ್ನ ಮುಖ ನೋಡಿದರು. ನಕ್ಷೆಯನ್ನು ನನ್ನ ಕಡೆ ತಳ್ಳಿ, "ಸಹಿ ಮಾಡ್ರಿ" ಎಂದರು, ಅಷ್ಟೇ. ಮಾಡಿದೆ. ಕಂಪ್ಯೂಟರ್ ಹಾಗೇನೂ ಅಂದಿರಲಿಲ್ಲ. ಅಂದವಳು ನಾನು, ಅದು ಬರೆದುಕೊಂಡಿತ್ತು. ಈ ಸುಳ್ಳು ಆಗ ನನಗೆ ಹೊಳೆಯಲಿಲ್ಲ. ಸಂಜೆ ಈರಮ್ಮ ಹೊಳೆಯುವ ಹೊಸ ಗಿಯರನ್ನು ಅದೇ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ನಾಲ್ಕನೆಯ ದಿನ ಬೆಳಗ್ಗೆ ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಬಂದಿದ್ದಳು. ಚೀಲದಿಂದ ನನ್ನ ಸಣ್ಣ ಗಿಯರನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರ ಪಕ್ಕ ನಾಲ್ಕು ಹಲ್ಲು ಮುರಿದ ದೊಡ್ಡ ಚಕ್ರವನ್ನು ಇಟ್ಟಳು, ಕೀಬೋರ್ಡಿನ ಮೇಲೆಯೇ.

"ಮುರದದ್ದು ಒಂದು ತಂದಿದ್ದೆ ಅಕ್ಕೋರ," ಅಂದಳು. "ನೀವು ಎರಡು ಮಾಡಿ ಕೊಟ್ರಿ."

ನಾನು ಚಕ್ರವನ್ನು ಕೀಬೋರ್ಡಿನಿಂದ ಪಕ್ಕಕ್ಕೆ ಸರಿಸಿದೆ.

"ಮೊದಲನೇ ದಿನಾನೇ ಗುರ್ ಗುರ್ ಅಂತಿತ್ತು. ಹೊಸಾದು ಅದ, ಕೂಡ್ಕೋತದ ಅಂತ ಸುಮ್ನಾದೆ. ನಿನ್ನಿ ಹೊತ್ತು ಮುಳಗೂ ಮುಂದ ಫಟ್ ಅಂತು. ಅಂಗಳದಾಗ ಹದಿನೆಂಟು ಬುಟ್ಟಿ ಸಾಲಿಗಿದ್ವು. ಮುಂಜಾನಿ ಎದ್ದು ನೋಡಿದ್ರ ಹನ್ನೊಂದು ಉಳದಾವ. ನಾಳಿಗಿ ಎಷ್ಟು ಉಳೀತಾವ ನೀವ ಹೇಳ್ರಿ."

ಮುಡಬಿಯಲ್ಲಿ ಸಾಲು ಹಿಡಿಯುವುದು ಹೀಗೆ. ಹೆಂಗಸರು ಬಂದು ನಿಲ್ಲುವುದಿಲ್ಲ, ತಮ್ಮ ಬುಟ್ಟಿ ಇಟ್ಟು ಹೋಗುತ್ತಾರೆ. ಬುಟ್ಟಿ ಎತ್ತಿಕೊಂಡು ಹೋದರೆ ಆ ಮನೆ ಕೈಬಿಟ್ಟಿತೆಂದೇ ಅರ್ಥ.

ಅಷ್ಟರಲ್ಲಿ ಸೇಠರು ಬಂದರು. ದೊಡ್ಡ ಚಕ್ರವನ್ನು ಎತ್ತಿ ನೋಡಿ, "ಹಳೇ ಬೀಡು ಕಬ್ಬಿಣ ಅದವ್ವ. ಎಷ್ಟು ವರ್ಷ ತಡೀತದ? ತಾನ ಒಡದದ. ನಮ್ಮ ಗಿಯರ್‌ದೇನು ತಪ್ಪಿಲ್ಲ" ಅಂದರು. ಅಂದು ನನ್ನ ಕಡೆ ನೋಡಿದರು. ಕೆಟ್ಟ ಮನುಷ್ಯರಲ್ಲ. ಹದಿನಾಲ್ಕು ಮನೆಗಳು ಅವರನ್ನು ನಂಬಿಕೊಂಡಿದ್ದವು, ತಪ್ಪು ಒಪ್ಪಿಕೊಂಡ ಸುದ್ದಿ ಹಳ್ಳಿಹಳ್ಳಿ ಸುತ್ತುತ್ತದೆ ಎಂಬ ಭಯ ಅವರಿಗೆ. ನಾನು ಒಮ್ಮೆ ತಲೆ ಆಡಿಸಿದ್ದರೆ ಸಾಕಿತ್ತು, ಈರಮ್ಮ ಎದ್ದು ಹೋಗುತ್ತಿದ್ದಳು.

ನಾನು ಕಾಗದದ ತುದಿಯಲ್ಲಿ ಗುಣಾಕಾರ ಮಾಡುತ್ತಿದ್ದೆ. ಎರಡು ಪಾಯಿಂಟ್ ಐದು ನಾಲ್ಕನ್ನು ಹದಿನಾರರಿಂದ ಗುಣಿಸಿದರೆ ನಲವತ್ತು ಪಾಯಿಂಟ್ ಆರು ನಾಲ್ಕು. ವರ್ಷಗಟ್ಟಲೆ ಉಜ್ಜಿ ತುದಿ ಅರ್ಧ ಮಿಲಿಮೀಟರ್ ಸವೆದಿದ್ದರೆ ನಲವತ್ತರ ಹತ್ತಿರವೇ ಬರುತ್ತದೆ. ನಾನು ಅಳೆದದ್ದು ಗಿಯರನ್ನಲ್ಲ, ಗಿಯರಿನ ಸವಕಳಿಯನ್ನು.

"ಸೇಠ್ರ, ತಪ್ಪು ಡ್ರಾಯಿಂಗಿಂದು," ಅಂದೆ. "ಸಹಿ ನಂದ ಅದ. ಉಸ್ತಾದ್ರು ಹೇಳಿದ್ರು, ನಾ ಕೇಳಲಿಲ್ಲ."

ಸೇಠರು ಚಕ್ರವನ್ನು ಮೇಜಿನ ಮೇಲೆ ಇಟ್ಟರು. "ನಾಳಿ ಸಂಜಿತನ ಟೈಮ್. ಕಾರ್ಖಾನಿ ಆರ್ಡರ್ ನಿಲ್ಲಬಾರದು" ಎಂದು ಒಳಗೆ ಹೋದರು. ಬೈದಿದ್ದರೆ ಹಗುರಾಗುತ್ತಿತ್ತು.

ಈಗ ನನಗೆ ನಿಜವಾದ ಹೆದರಿಕೆ ಶುರುವಾಯಿತು. ಹತ್ತರದ್ದೇ ಇರಬೇಕು ಎಂದು ಮನಸ್ಸು ಹೇಳುತ್ತಿತ್ತು, ಆದರೆ ಇರಬೇಕು ಅಂದುಕೊಂಡೇ ಮೊದಲ ಸಲ ಕೆಟ್ಟಿದ್ದೆ. ಇನ್ನೊಮ್ಮೆ ತಪ್ಪಿದರೆ ಈರಮ್ಮನ ಅಂಗಳದಲ್ಲಿ ಒಂದು ಬುಟ್ಟಿಯೂ ಉಳಿಯುವುದಿಲ್ಲ. ಅದರ ಮೇಲೆ ಹಳೆಯ ಗಿಯರುಗಳಲ್ಲಿ ಹಲ್ಲಿನ ಮಗ್ಗುಲಿನ ಓರೆಯೂ ಎರಡು ಬಗೆ, ಇಪ್ಪತ್ತು ಡಿಗ್ರಿಯದು ಒಂದು, ಹದಿನಾಲ್ಕೂವರೆಯದು ಒಂದು. ಮಾಡ್ಯೂಲ್ ಸರಿಯಾಗಿ ಓರೆ ತಪ್ಪಿದರೂ ಅದೇ ಗುರ್ ಗುರ್, ಅದೇ ಫಟ್.

ಉಸ್ತಾದರು ಬಂದು ದೊಡ್ಡ ಚಕ್ರವನ್ನು ಸೀಮೆಎಣ್ಣೆಯಲ್ಲಿ ತೊಳೆದರು. ಕಿಟಕಿಯ ಬೆಳಕಿಗೆ ಹಿಡಿದು, "ಇಲ್ಲಿ ನೋಡ್ರಿ ಬಾಯಿ" ಅಂದರು. ದೊಡ್ಡ ಚಕ್ರ ಸಣ್ಣದಕ್ಕಿಂತ ಅಗಲವಾಗಿತ್ತು. ಎರಡೂ ಕೂಡಿ ಉಜ್ಜಿದ ಭಾಗ ನುಣ್ಣಗೆ ಸವೆದು ಕನ್ನಡಿಯಾಗಿತ್ತು. ಅಂಚಿನಲ್ಲಿ ಕಿರುಬೆರಳಿನಷ್ಟು ಅಗಲಕ್ಕೆ ಮಾತ್ರ ಯಾವ ಹಲ್ಲೂ ತಾಗಿರಲಿಲ್ಲ. ಅಲ್ಲಿ ಕಡಿದ ದಿನದ ಗೆರೆಗಳೇ ಇನ್ನೂ ಕಾಣುತ್ತಿದ್ದವು. "ಇಷ್ಟು ಜಾಗ ಖರೇ ಹೇಳ್ತದ. ಉಳದದ್ದೆಲ್ಲ ಸವದದ."

ಆ ಅಂಚಿನಲ್ಲಿ ಐದು ಹಲ್ಲುಗಳನ್ನು ಒಟ್ಟಿಗೆ ವರ್ನಿಯರ್‌ನ ದವಡೆಯಲ್ಲಿ ಹಿಡಿದು ಅಳೆದೆವು. ಆಮೇಲೆ ಆರು ಹಲ್ಲು. ಆರರಲ್ಲಿ ಐದನ್ನು ಕಳೆದರೆ ಉಳಿಯುವುದು ಒಂದು ಹಲ್ಲಿನ ಹೆಜ್ಜೆ. ಈ ಒಂದು ಹೆಜ್ಜೆಯಲ್ಲಿ ಮಾಡ್ಯೂಲೂ ಇರುತ್ತದೆ, ಓರೆಯೂ ಇರುತ್ತದೆ. ನಾನು ಅಳೆಯುವ ಮೊದಲೇ ನಾಲ್ಕು ಉತ್ತರಗಳನ್ನು ಲೆಕ್ಕ ಹಾಕಿ ಬರೆದಿಟ್ಟಿದ್ದೆ. ಎರಡೂವರೆಯದಾದರೆ ಒಂದು ಓರೆಗೆ ಏಳು ಪಾಯಿಂಟ್ ಮೂರು ಎಂಟು, ಇನ್ನೊಂದಕ್ಕೆ ಏಳು ಪಾಯಿಂಟ್ ಆರು. ಹತ್ತರದಾದರೆ ಇಪ್ಪತ್ತು ಡಿಗ್ರಿಗೆ ಏಳೂವರೆ, ಇನ್ನೊಂದಕ್ಕೆ ಏಳು ಪಾಯಿಂಟ್ ಏಳು ಮೂರು. ಮೂರು ಕಡೆ ಅಳೆದೆವು. ನಾನು ಅಳೆದದ್ದನ್ನು ಉಸ್ತಾದರಿಗೆ ಹೇಳಲಿಲ್ಲ, ಅವರದನ್ನು ಅವರು ನನಗೆ ಹೇಳಲಿಲ್ಲ. ಬರೆದಿಟ್ಟ ಚೀಟಿ ತೆರೆದಾಗ ಇಬ್ಬರದ್ದೂ ಏಳೂವರೆ, ಅಂದರೆ ಹತ್ತರದ್ದೇ, ಇಪ್ಪತ್ತು ಡಿಗ್ರಿಯದು.

ಅಷ್ಟಕ್ಕೇ ನಿಲ್ಲಿಸಲು ನನಗೆ ಧೈರ್ಯ ಸಾಲಲಿಲ್ಲ. ಈರಮ್ಮನ ಜೊತೆಗೆ ಅದೇ ಮಧ್ಯಾಹ್ನ ಬಸ್ಸು ಹತ್ತಿ, ಆಮೇಲೆ ಶೇರ್ ಆಟೋದಲ್ಲಿ ಕುಕ್ಕರಿಸಿ ಕೂತು ಮುಡಬಿಗೆ ಹೋದೆ. ಅಂಗಳದಲ್ಲಿ ಒಂಬತ್ತು ಬುಟ್ಟಿಗಳಿದ್ದವು. ಬೇವಿನ ನೆರಳಲ್ಲಿ ಮೂವರು ಹೆಂಗಸರು ಕೂತಿದ್ದರು. ಒಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ರೇನ ಈರವ್ವಾ, ಆ ಕಂಪ್ಯೂಟರ್ ಅಕ್ಕೋರು?" ಅಂದಳು. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದು ಹೋಗುತ್ತಿದ್ದೆ.

ಶೆಡ್ಡಿನಲ್ಲಿ ಯಂತ್ರದ ಗಿಯರುಗಳು ಕೂರುವ ಎರಡು ಶಾಫ್ಟುಗಳ ನಡುವಿನ ಅಂತರ ಅಳೆದೆ. ಗಿಯರು ಮುರಿದರೂ, ಕಳೆದರೂ ಈ ಅಂತರ ಯಂತ್ರದ ಮೈಯಲ್ಲಿ ಹಾಗೇ ಇರುತ್ತದೆ. ಸಣ್ಣದಕ್ಕೆ ಹದಿನಾಲ್ಕು ಹಲ್ಲು, ದೊಡ್ಡದಕ್ಕೆ ನಲವತ್ತೆರಡು ಹಲ್ಲು, ಎರಡೂವರೆಯ ಲೆಕ್ಕದಲ್ಲಿ ಅಂತರ ಎಪ್ಪತ್ತು ಮಿಲಿಮೀಟರ್ ಇರಬೇಕು. ಹತ್ತರ ಲೆಕ್ಕದಲ್ಲಿ ಎಪ್ಪತ್ತೊಂದಕ್ಕೆ ತುಸು ಹೆಚ್ಚು. ಬಂದದ್ದು ಎಪ್ಪತ್ತೊಂದೂವರೆ. ಎಪ್ಪತ್ತರ ಹತ್ತಿರಕ್ಕೂ ಇಲ್ಲ. ಮೊದಲ ದಿನವೇ ಇಲ್ಲಿಗೆ ಬಂದು ಒಂದು ಸ್ಕೇಲ್ ಹಿಡಿದಿದ್ದರೂ ಗೊತ್ತಾಗುತ್ತಿತ್ತು.

ಆದರೆ ಹತ್ತರ ಲೆಕ್ಕಕ್ಕಿಂತಲೂ ಮೇಲಿದ್ದ ಆ ಹೆಚ್ಚುವರಿ ಎಲ್ಲಿಂದ ಬಂತು? ಶಾಫ್ಟನ್ನು ಹಿಡಿದು ಅಲ್ಲಾಡಿಸಿದೆ. ಸಡಿಲ ಹಲ್ಲಿನಂತೆ ಕಟಕಟ ಅಂದಿತು. ಅದು ಕೂರುವ ಬುಶ್, ಅಂದರೆ ಲೋಹದ ಬಳೆ, ಸವೆದು ಶಾಫ್ಟು ಪಕ್ಕಕ್ಕೆ ಸರಿದಿತ್ತು. ಹೊಸ ಗಿಯರು ಎಷ್ಟೇ ಸರಿಯಿದ್ದರೂ ಇದರ ಮೇಲೆ ಕೂತರೆ ದೂರದಿಂದ ಕೈ ಕುಲುಕಿದಂತೆ, ಹಿಡಿತ ಸಿಗುವುದಿಲ್ಲ. ಮೊದಲ ಸಣ್ಣ ಗಿಯರಿನ ಹಲ್ಲು ಉದುರಿದ್ದೂ ಇದರಿಂದಲೇ. ಬುಶ್ಶಿನ ಅಳತೆಯನ್ನೂ ತೆಗೆದುಕೊಂಡೆ.

"ಏನ್ ಅನ್ಸತದ್ರಿ ಅಕ್ಕೋರ?" ಈರಮ್ಮ ಕೇಳಿದಳು. ಈ ಸಲ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

"ನಾಡಿದ್ದು ಮುಂಜಾನಿ ನಾನ ತಂದು ಹಚ್ತೀನಿ," ಅಂದೆ. "ಅಲ್ಲೀತನ ಬುಟ್ಟಿ ಹಿಡದು ನಿಲ್ಲಸು."

"ಬುಟ್ಟಿ ನಂದಲ್ರಿ, ಅವರದು. ಹ್ಯಾಂಗ ನಿಲ್ಲಸ್ಲಿ?" ಅಂದಳು. ಅವಳ ಮಾತೂ ಸರಿಯೇ.

ಮರುದಿನ ಮತ್ತೆ ಅದೇ ಸಾಫ್ಟ್‌ವೇರ್, ಅದೇ ಪಟ್ಟಿ. ಎರಡೂವರೆ ಇದೆ, ಎರಡೂಮುಕ್ಕಾಲು ಇದೆ, ನನಗೆ ಬೇಕಾದದ್ದು ಇಲ್ಲ. ಸಿಟ್ಟಿನಲ್ಲಿ ಎರಡೂವರೆಯ ಮೇಲೆ ಒತ್ತಿ, ಅದನ್ನು ಅಳಿಸಿ, ಕೈಯಾರೆ 2.54 ಎಂದು ಟೈಪ್ ಮಾಡಿದೆ. ತೆಗೆದುಕೊಂಡಿತು! ಪಟ್ಟಿಯ ಪೆಟ್ಟಿಗೆಯಲ್ಲಿ ಬರೆಯಲೂ ಬಹುದು ಎಂದು ಇಷ್ಟು ದಿನ ನನಗೆ ಗೊತ್ತೇ ಇರಲಿಲ್ಲ. ರೇಣುಕಾ, ಇದನ್ನು ಎರಡು ಸಲ ಓದು. ಪಟ್ಟಿ ಮಾಡಿದವರು ಹೊಸ ಯಂತ್ರಗಳಿಗೆ ಮಾಡಿದ್ದಾರೆ. ನಮ್ಮ ಕಡೆಯ ಶೆಡ್ಡುಗಳಲ್ಲಿ ಅಜ್ಜಂದಿರ ಕಾಲದ ಯಂತ್ರಗಳು ತಿರುಗುತ್ತಿವೆ, ಅವುಗಳ ಅಳತೆ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ಎರಡೂ ಗಿಯರುಗಳನ್ನು ಪರದೆಯ ಮೇಲೆ ಸರಿಯಾದ ಅಂತರದಲ್ಲಿಟ್ಟು ತಿರುಗಿಸಿದೆ. ಹಲ್ಲಿಗೆ ಹಲ್ಲು ನಯವಾಗಿ ಕೂತು ಎದ್ದಿತು. ನನಗೆ ನಾನೇ ಶಿಕ್ಷೆ ಕೊಟ್ಟುಕೊಳ್ಳಲು ಮೊದಲಿನ ತಪ್ಪು ಗಿಯರನ್ನೂ ಅಲ್ಲೇ ಇಟ್ಟು ನೋಡಿದೆ. ಒಂದು ಹಲ್ಲು ಗಾಳಿಯಲ್ಲಿ ತೇಲಿದರೆ, ಅದರ ಪಕ್ಕದ್ದು ಎದುರಿನ ಹಲ್ಲಿನ ಮೈಯೊಳಗೇ ನುಗ್ಗಿತ್ತು. ಹತ್ತು ನಿಮಿಷದ ಕೆಲಸ. ಅವತ್ತು ಮಾಡಿರಲಿಲ್ಲ.

ಉಸ್ತಾದರು ಬಿಸ್ಕತ್ತಿನ ಹಳೆಯ ಡಬ್ಬಿಯಿಂದ, ಎಣ್ಣೆ ಬಟ್ಟೆ ಸುತ್ತಿಟ್ಟಿದ್ದ ಹತ್ತರ ಕಟರ್ ತೆಗೆದರು. ನಾನು ನಕ್ಷೆಗೆ ಸಹಿ ಮಾಡಿ ಕೊಟ್ಟು, "ಉಸ್ತಾದ್ರ, ಅವತ್ತು ಹಂಗ ಅನಬಾರದಿತ್ತು" ಅಂದೆ.

"ನಾನೂ ಜೋರ್ ಮಾಡಿ ಹೇಳಬೇಕಿತ್ತು ಬಾಯಿ," ಅಂದರು. "ಕಂಪ್ಯೂಟರ್ ಅಂದ್ರ ನನಗೂ ಹೆದರಿಕಿ ಬರ್ತದ." ಮೂವತ್ತು ವರ್ಷ ಹಲ್ಲು ಕಡಿದ ಮನುಷ್ಯ, ನನ್ನ ಪರದೆಗೆ ಹೆದರಿ ಸುಮ್ಮನಾಗಿದ್ದರಂತೆ. ಇದು ಯಾವತ್ತೂ ನನ್ನ ತಲೆಗೆ ಬಂದಿರಲಿಲ್ಲ. ಆ ಮೇಲೆ ಯಾವ ನಕ್ಷೆಗೂ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳದೆ ಸಹಿ ಹಾಕಲಿಲ್ಲ.

ಸಂಜೆಗೆ ಎರಡು ಗಿಯರು, ಎರಡು ಬುಶ್ ಸಿದ್ಧವಾದವು. ಮರುದಿನ ಬೆಳಗ್ಗೆ ಉಸ್ತಾದರು ತಾವೂ ಬರುತ್ತೇನೆಂದು ಹೊರಟರು. ಮುಡಬಿಯ ಅಂಗಳದಲ್ಲಿ ಆರು ಬುಟ್ಟಿ ಉಳಿದಿದ್ದವು. ಬುಶ್ ಬಡಿದು, ಶಾಫ್ಟು ಕೂರಿಸಿ, ಗಿಯರು ಏರಿಸಿದೆವು. ಉಸ್ತಾದರು ಜೇಬಿನಿಂದ ಬಸ್ಸಿನ ಟಿಕೆಟ್ ತೆಗೆದು ಎರಡು ಗಿಯರುಗಳ ಹಲ್ಲಿನ ನಡುವೆ ತೂರಿಸಿ, ಕೈಯಿಂದ ನಿಧಾನ ತಿರುಗಿಸಿದರು. ಕಾಗದ ಹರಿದರೆ ಬಿಗಿ, ಗುರುತೇ ಬೀಳದಿದ್ದರೆ ಸಡಿಲ. ಆ ಕಡೆಯಿಂದ ಟಿಕೆಟ್ ಹೊರಬಂತು. ಹರಿದಿರಲಿಲ್ಲ, ಉದ್ದಕ್ಕೂ ಒಂದೇ ಸಮನಾದ ನೆರಿಗೆ ಬಿದ್ದಿತ್ತು.

"ಚಾಲೂ ಮಾಡವ್ವ," ಅಂದರು.

ಈರಮ್ಮ ಕರೆಂಟಿನ ಗುಂಡಿಗೆ ಕೈ ಮುಗಿದು ಒತ್ತಿದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ ಅಂತ ಹೇಳಲು ನನಗೇನೂ ನಾಚಿಕೆಯಿಲ್ಲ. ಗುರ್ ಎನ್ನುವ ಸದ್ದಿಗೆ ಕಿವಿಗೊಟ್ಟು ಕಾದೆ. ಬರಲಿಲ್ಲ. ಮೋಟರಿನ ಗುಂಯ್ ಎನ್ನುವ ಸದ್ದು, ಬೆಲ್ಟಿನ ಪಟಪಟ, ಅಷ್ಟೇ. ಮೊದಲ ಬುಟ್ಟಿಯ ಹಿಟ್ಟಿನ ಉಂಡೆ ಯಂತ್ರದ ಬಾಯಿಗೆ ಬಿತ್ತು. ಯಂತ್ರಕ್ಕೆ ಭಾರ ಬಿದ್ದಾಗಲೇ ಪರೀಕ್ಷೆ. ಸದ್ದು ಸ್ವಲ್ಪ ದಪ್ಪವಾಯಿತು, ಬದಲಾಗಲಿಲ್ಲ. ಕೆಳಗಿನ ತೂತುಗಳಿಂದ ಎಳೆ ಇಳಿದವು, ಸಮನಾಗಿ, ಒಂದೂ ತುಂಡಾಗದೆ. ಈರಮ್ಮ ಕೋಲು ಚಾಚಿ ಎತ್ತಿಕೊಂಡಳು. ನನಗೆ ಎಷ್ಟು ಹಾಯೆನಿಸಿತೆಂದರೆ ಅಲ್ಲೇ ಜೋಳದ ಚೀಲದ ಮೇಲೆ ಕೂತುಬಿಟ್ಟೆ.

ಉಸ್ತಾದರು ಚಹಾ ಕುಡಿಯಲು ಹೋದರು. ನಾನು ಹೋಗಲಿಲ್ಲ. ಎರಡನೆಯ ಬುಟ್ಟಿಗೂ ನಿಂತೆ, ಮೂರನೆಯದಕ್ಕೂ ನಿಂತೆ. ಪ್ರತಿ ಉಂಡೆ ಬಿದ್ದಾಗಲೂ ಗಿಯರಿನ ಹತ್ತಿರ ಬಗ್ಗಿ ಕಿವಿ ಇಡುತ್ತಿದ್ದೆ. ಸದ್ದು ಕೇಳಿ ಪಕ್ಕದ ಓಣಿಯ ಹೆಂಗಸರು ಬಂದು ಇಣುಕತೊಡಗಿದರು. ಅವರಲ್ಲಿ ಇಬ್ಬರ ಕಂಕುಳಲ್ಲಿ ಬುಟ್ಟಿಯಿತ್ತು. ಬಾಗಿಲಲ್ಲೇ ನಿಂತು ನನ್ನನ್ನೂ ಯಂತ್ರವನ್ನೂ ನೋಡುತ್ತಾ ಒಳಗೆ ಬರಲೋ ಬೇಡವೋ ಎಂದು ಅನುಮಾನಿಸುತ್ತಿದ್ದರು. ನಾಲ್ಕನೆಯ ಬುಟ್ಟಿಗೆ ನಾನು ಮತ್ತೆ ಬಗ್ಗಿದಾಗ ಈರಮ್ಮ ಯಂತ್ರ ನಿಲ್ಲಿಸಿ, ಕೈಯ ಹಿಟ್ಟು ಉದುರಿಸುತ್ತಾ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು.

"ಅಕ್ಕೋರ, ಇನ್ನ ನೀವು ಹೋಗ್ರಿ. ನೀವು ಹಿಂಗ ಬಗ್ಗಿ ಬಗ್ಗಿ ನೋಡಾಕತ್ರ ಮಷೀನಿಗಿ ಇನ್ನೂ ಏನೋ ಆಗ್ಯದ ಅಂತ ಹೆಣ್ಮಕ್ಳು ಹೆದರ್ತಾರ."

ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ಬಾಗಿಲಲ್ಲಿದ್ದ ಇಬ್ಬರೂ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು, ಆಮೇಲೆ ಒಳಗೆ ಹೋಗಿ ಬುಟ್ಟಿ ಇಟ್ಟರು. ನನ್ನ ಇಡೀ ನೌಕರಿಯಲ್ಲಿ ಯಾರೂ ನನ್ನನ್ನು ಅಷ್ಟು ಸಂತೋಷವಾಗುವಂತೆ ಹೊರಗೆ ಹಾಕಿರಲಿಲ್ಲ.